4.2ಕ್ಕಿಂತ ಕಡಿಮೆಯಾದರೆ ಊಟವಿಲ್ಲ

ಹದಿಹರೆಯದವರು ಮಕ್ಕಳೋ ದೊಡ್ಡವರೋ ಎಂಬ ಬಗ್ಗೆ ನಮ್ಮ ದೇಶದಲ್ಲಿ ಇನ್ನೂ ಒಮ್ಮತ ಮೂಡಿಲ್ಲ. 12 ತುಂಬಿದ ದಿನವೇ ರೈಲ್ವೆಯವರು ಅವರನ್ನು ಪೂರ್ತಿ ಮನುಷ್ಯರೆಂದು ಒಪ್ಪಿಕೊಂಡು ಪೂರ್ತಿ ಟಿಕೆಟ್ ಕೊಡುತ್ತಾರೆ. ಅನೇಕ ಹೋಟೆಲಿನವರೂ ಅದೇ ಲೆಕ್ಕ ಹಿಡಿದು, ‘ಎಕ್ಸ್‌ಟ್ರಾ ಬೆಡ್’ ಎಂಬ ಹೆಸರಿನಲ್ಲಿ ತೆಳುವಾದ ಹಾಸಿಗೆಯೊಂದನ್ನು ನೆಲಕ್ಕೆ ಹಾಸಿ ಅದಕ್ಕೊಂದು ಬಾಡಿಗೆ ಬರೆಯುತ್ತಾರೆ. ಪುರಾತತ್ವ ಇಲಾಖೆಗೆ ಮಾತ್ರ ಸ್ವಲ್ಪ ಕರುಣೆಯಿದೆ: 15ರ ಒಳಗಿನವರಿಗೆ ಹಂಪಿಯಿರಲಿ, ಎಲಿಫೆಂಟಾ ಇರಲಿ, ಪ್ರವೇಶ ಪುಕ್ಕಟೆ. ಸಾರಿಗೆ ಇಲಾಖೆ 16ಕ್ಕೆ 50 ಸಿಸಿ ಮೀರದ ಗೇರಿಲ್ಲದ ಸ್ಕೂಟರ್ ಓಡಿಸಲು ಬಿಡುತ್ತದೆ. ಚುನಾವಣಾ ಆಯೋಗ 18ರವರೆಗೆ ಹತ್ತಿರ ಸೇರಿಸುವುದಿಲ್ಲ.

ಇಷ್ಟು ಗೊಂದಲದ ನಡುವೆ ಆ ಜೀವ ತನ್ನಷ್ಟಕ್ಕೆ ತಾನೇ ಒಂದು ತೀರ್ಮಾನಕ್ಕೆ ಬಂದಿರುತ್ತದೆ. ಬಿಲ್ ಕೊಡುವ ಹೊತ್ತಿಗೆ ಮಗು. ಹೋಟೆಲ್ ಆರಿಸುವ ಹೊತ್ತಿಗೆ ಮನೆ ಯಜಮಾನ. ಇಂಥವರನ್ನು ನೀವು ನೋಡಿಯೇ ಇರುತ್ತೀರಿ. ಪ್ಲಾಟ್‌ಫಾರಂ ಮೇಲೆ ಒಂದು ಸಂಸಾರ ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಿರುತ್ತದೆ. ಹತ್ತು ಹೆಜ್ಜೆ ಹಿಂದೆ, ಆ ಸಂಸಾರ ಯಾರದೋ ಏನೋ ಎಂಬ ಮುಖ ಮಾಡಿಕೊಂಡು, ಸುಡುವ ಸೆಕೆಯಲ್ಲೂ ಟೋಪಿ ಅಂಟಿಕೊಂಡ ದಪ್ಪ ಕಪ್ಪು ಅಂಗಿ ತೊಟ್ಟು, ಎರಡೂ ಕಿವಿ ಮುಚ್ಚಿಕೊಂಡು ಒಂದು ಆಕೃತಿ ನಡೆದು ಬರುತ್ತಿರುತ್ತದೆ. ಅದರ ಬೆನ್ನ ಚೀಲದಲ್ಲಿ ಎರಡು ಪವರ್ ಬ್ಯಾಂಕ್ ಇರುತ್ತವೆ, ಟವೆಲ್ ಇರುವುದಿಲ್ಲ. ನಾನಿಲ್ಲಿ ಬರೆಯುತ್ತಿರುವುದು ಇಡೀ ಕುಲದ ಬಗ್ಗೆ. ನಮ್ಮ ಮನೆಯಲ್ಲೂ ಪಿಯುಸಿ ಓದುವ ಒಬ್ಬಳಿದ್ದಾಳೆ ಎಂಬುದು ಕಾಕತಾಳೀಯ.

ಜಗತ್ತೆಲ್ಲ ಮೈಸೂರಿಗೆ ಬರುವ ದಸರಾ ರಜೆಯಲ್ಲಿ ಮೈಸೂರಿನವರು ಮಾಡಬೇಕಾದ ಒಂದೇ ಕೆಲಸ ಊರು ಬಿಡುವುದು. ಮುಂಬೈಗೆ ಹೋಗುವುದೆಂದಾಯಿತು. ಎಲ್ಲಿ ಉಳಿಯುವುದು? ಹೋಟೆಲ್ ಆರಿಸಲು ನನ್ನದೊಂದು ಹಳೆಯ ಪದ್ಧತಿಯಿದೆ. ಸ್ಟೇಷನ್ನಿಗೆ ಹತ್ತಿರವಿರಬೇಕು, ಬೆಳಿಗ್ಗೆ ಬಿಸಿನೀರು ಬರಬೇಕು, ನಮ್ಮವರು ಯಾರಾದರೂ ಒಮ್ಮೆ ಅಲ್ಲಿ ಉಳಿದು ಜೀವಂತ ವಾಪಸು ಬಂದಿರಬೇಕು. ಭಾವನ ಸ್ನೇಹಿತರೊಬ್ಬರು ಹಿಂದೆಂದೋ ಇಳಿದುಕೊಂಡಿದ್ದ ಲಾಡ್ಜಿನ ವಿಳಾಸ ನನ್ನ ಡೈರಿಯಲ್ಲಿ ಭದ್ರವಾಗಿತ್ತು. ಮಗಳು ಅದನ್ನು ಫೋನಿನಲ್ಲಿ ಹುಡುಕಿ, ‘ಅಪ್ಪಾ, ಅಲ್ಲಿ ಈಗ ಚಪ್ಪಲಿ ಗೋಡೌನ್ ಇದೆ’ ಎಂದಳು.

ಅವಳಿಗೆ ಬಾಂದ್ರಾ ಬೇಕು. ಅಲ್ಲಿ ಸಿನಿಮಾದವರಿದ್ದಾರೆ, ಕಾಫಿಗೆ ಹೂವಿನ ಚಿತ್ರ ಬಿಡಿಸಿ ಕೊಡುವ ಕೆಫೆಗಳಿವೆ. ನನಗೆ ಮಾಟುಂಗಾ ಬೇಕು. ಅಲ್ಲಿ ಉಡುಪಿ ಹೋಟೆಲುಗಳಿವೆ. ಹೆಂಡತಿಗೆ ಎಲ್ಲಾದರೂ ಸರಿ, ಬಚ್ಚಲು ಶುಚಿಯಾಗಿರಬೇಕು. ನಮ್ಮ ಜೊತೆ ಹೊರಟಿದ್ದ ನನ್ನ ಅಮ್ಮನನ್ನು ಕೇಳುವ ಪ್ರಮೇಯವೇ ಬರಲಿಲ್ಲ. ‘ನಂಗೇನು, ಎಲ್ಲಾದ್ರೂ ಆಗತ್ತೆ’ ಎಂಬುದು ಅವಳ ಖಾಯಂ ಉತ್ತರ. ಉತ್ತರ ಖಾಯಂ ಆಗಿರುವಾಗ ಪ್ರಶ್ನೆಯ ಖರ್ಚು ಯಾಕೆ?

ಮುಂಬೈ ಉದ್ದಕ್ಕೆ ಬೆಳೆದ ಊರು. ಅಲ್ಲಿ ದೂರವನ್ನು ಅಳೆಯುವುದು ಲೋಕಲ್ ಟ್ರೇನಿನ ನಿಮಿಷಗಳಲ್ಲಿ. ಅಂಧೇರಿಯಲ್ಲಿ ಅಗ್ಗದ ರೂಮು ಹಿಡಿದು ದಿನಾ ಗೇಟ್‌ವೇಗೆ ಬರುತ್ತೇನೆಂದು ಹೊರಟವರು ಊರನ್ನು ನೋಡುವುದಿಲ್ಲ, ಎದುರಿಗೆ ನಿಂತವರ ಕಂಕುಳನ್ನು ನೋಡುತ್ತಾರೆ. ಕೊನೆಗೆ ಫೋರ್ಟ್ ಎಂದು ಗೊತ್ತಾಯಿತು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಕಾಲಾ ಘೋಡಾ, ವಸ್ತುಸಂಗ್ರಹಾಲಯ, 1924ರ ಗೇಟ್‌ವೇ ಎಲ್ಲ ನಡೆದೇ ಹೋಗುವಷ್ಟು ಹತ್ತಿರ. ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಮಗಳೇ. ಸೋಮವಾರ ಎಲಿಫೆಂಟಾಕ್ಕೆ ರಜೆ ಎಂದು ಕಂಡುಹಿಡಿದು ಕಾರ್ಯಕ್ರಮ ಹಿಂದುಮುಂದು ಮಾಡಿದ್ದೂ ಅವಳೇ.

ಹೋಟೆಲ್ ಹುಡುಕುವಾಗ ಈ ಕುಲದವರ ಬುದ್ಧಿ ಪತ್ತೇದಾರರನ್ನೂ ನಾಚಿಸುತ್ತದೆ. ಹೋಟೆಲಿನವರು ಹಾಕಿದ ಫೋಟೋ ಅವರು ನೋಡುವುದೇ ಇಲ್ಲ. ಆ ಫೋಟೋಗಳಲ್ಲಿ ಮಂಚದಿಂದ ಬಾಗಿಲಿಗೆ ಹೋಗಲು ಆಟೋ ಹಿಡಿಯಬೇಕು ಎನ್ನಿಸುವಷ್ಟು ರೂಮು ವಿಶಾಲವಾಗಿರುತ್ತದೆ. ಇವರು ನೋಡುವುದು ಅಲ್ಲಿ ಉಳಿದು ಸಿಟ್ಟಾಗಿ ಹೋದವರು ಹಾಕಿದ ಫೋಟೋ. ಓದುವುದು ಒಂದೇ ನಕ್ಷತ್ರ ಕೊಟ್ಟವರ ಗೋಳು. ಕಿಟಕಿ ಪರದೆಯ ಹಿಂದೆ ಕಿಟಕಿಯೇ ಇಲ್ಲ, ‘ಸೀ ವ್ಯೂ’ ಎಂದರೆ ಇಬ್ಬರು ಕಾಲು ಹಿಡಿದುಕೊಂಡು ಒಬ್ಬರು ಹೊರಗೆ ಬಗ್ಗಬೇಕು, ಇವೆಲ್ಲ ಅವರಿಗೆ ಮನೆಯಲ್ಲಿ ಕೂತೇ ಗೊತ್ತಾಗುತ್ತದೆ.

ಆದರೆ ಒಂದು ಫೋನ್ ಮಾಡು ಎನ್ನಿ, ಜ್ವರ ಬರುತ್ತದೆ. ಇಡೀ ರಾತ್ರಿ ಫೋನಿನಲ್ಲೇ ಇರುವವರಿಗೆ ಫೋನಿನಲ್ಲಿ ಮಾತಾಡಲು ಭಯ. ಹಾಗಾಗಿ ಮಾತು ನನ್ನದು, ಪ್ರಶ್ನೆಪತ್ರಿಕೆ ಅವಳದು. ವೈಫೈ ರೂಮಿನೊಳಗೆ ಬರುತ್ತದೋ, ಕೆಳಗೆ ಸೋಫಾ ಮೇಲೆ ಕೂತರೆ ಮಾತ್ರವೋ? ಮಂಚದ ಪಕ್ಕದಲ್ಲಿ ಪ್ಲಗ್ ಇದೆಯೋ? ಮುಂದಿನ ಪ್ರಶ್ನೆ ಬಲು ಸೂಕ್ಷ್ಮದ್ದು. ಈಚಿನ ಕೆಲವು ಹೋಟೆಲುಗಳಲ್ಲಿ ಬಚ್ಚಲಿಗೆ ಗಾಜಿನ ಗೋಡೆ ಹಾಕುವ ದುರ್ಬುದ್ಧಿ ಹಬ್ಬಿದೆಯಲ್ಲ, ಅದರ ವಿಚಾರಣೆ. ನಾನು ನನ್ನ ಮೈಸೂರು ಹಿಂದಿಯನ್ನೆಲ್ಲ ಒಗ್ಗೂಡಿಸಿ, ‘ಬಾತ್‌ರೂಮ್ ಕಾ ದೀವಾರ್ ಕಾಚ್ ಕಾ ಹೈ ಯಾ ಇಟ್ಟಿಗೆ ಕಾ ಹೈ?’ ಎಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, ‘ಮಾರಾಯ್ರೇ, ನೀವು ಕನ್ನಡದಲ್ಲೇ ಕೇಳಿ. ನಮ್ದು ಕುಂದಾಪುರ ಬದಿ’ ಎಂಬ ದನಿ ಬಂತು. ಗೋಡೆ ಇಟ್ಟಿಗೆಯದೇ ಎಂದು ಖಚಿತವಾಯಿತು. ಇಡಬೇಕು ಅನ್ನುವಷ್ಟರಲ್ಲಿ ಮಗಳು ಇನ್ನೊಂದು ಚೀಟಿ ಮುಂದೆ ಹಿಡಿದಳು: ಲಿಫ್ಟ್ ನೆಲದಿಂದಲೇ ಶುರುವಾಗುತ್ತದೋ, ಮೊದಲು ಮೆಟ್ಟಿಲು ಹತ್ತಬೇಕೋ? ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವಳು ಅದನ್ನು ಯಾಕೆ ಕೇಳಿಸಿದಳೆಂದು ಆಗ ಯಾರೂ ವಿಚಾರಿಸಲಿಲ್ಲ.

ಎರಡು ರೂಮು ಹಿಡಿದೆವು. ಅಜ್ಜಿಯ ಜೊತೆ ತಾನಿರುತ್ತೇನೆಂದು ಮಗಳು ಮುಂದೆ ಬಂದಾಗ ನನ್ನ ಕಣ್ಣು ತುಂಬಿತು. ಹೆಂಡತಿ ನನ್ನ ಕಿವಿಯಲ್ಲಿ, ‘ರೀ, ಅತ್ತೆ ಎಂಟೂವರೆಗೆ ಮಲಗ್ತಾರೆ. ಕನ್ನಡಕ ತೆಗೆದ್ರೆ ಅವರಿಗೆ ಫೋನೂ ಕಾಣಲ್ಲ, ಹಿಡ್ಕೊಂಡೋರೂ ಕಾಣಲ್ಲ’ ಎಂದಳು.

ಈಗ ಊಟದ ವಿಷಯಕ್ಕೆ ಬರುತ್ತೇನೆ. ಸಮಾಧಾನವಾಗಿ ಬರೆಯಬೇಕೆಂದು ನಿಶ್ಚಯಿಸಿದ್ದೇನೆ.

ಹಸಿದಾಗ ಎದುರಿಗೆ ಕಂಡ ಹೋಟೆಲಿಗೆ ನುಗ್ಗುವುದು, ಸಪ್ಲೈಯರ್ ಒಂದೇ ಉಸಿರಿನಲ್ಲಿ ಒಪ್ಪಿಸುವ ಪಟ್ಟಿಯಲ್ಲಿ ಕೊನೆಗೆ ಕೇಳಿಸಿದ್ದನ್ನು ತರಲು ಹೇಳುವುದು, ಇದು ನಾನು ಬೆಳೆದ ರೀತಿ. ಹದಿಹರೆಯದವರ ಹಸಿವು ಬೇರೆ. ಅದು ಅಂಕ ನೋಡದೆ ಒಳಗೆ ಕಾಲಿಡುವುದಿಲ್ಲ. ರಾತ್ರಿ ಎಂಟು ಗಂಟೆ, ಫೋರ್ಟಿನ ಫುಟ್‌ಪಾತು, ನಾಲ್ಕು ಜನ. ನಾನೊಂದು ಹೋಟೆಲ್ ತೋರಿಸಿದೆ. ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವಳು ಫೋನ್ ನೋಡಿ, ‘3.9’ ಎಂದು ಮುಂದೆ ನಡೆದಳು. ಐದಕ್ಕೆ 3.9 ಎಂದರೆ ನೂರಕ್ಕೆ 78. ನಾನು ಓದುವ ಕಾಲದಲ್ಲಿ ನೂರಕ್ಕೆ 35 ತೆಗೆದವನು ಪಾಸು. ಆ ಲೆಕ್ಕದಲ್ಲಿ 1.75 ಬಂದ ಹೋಟೆಲಿನಲ್ಲೂ ಊಟ ಮಾಡಬಹುದು. ಡಿಸ್ಟಿಂಕ್ಷನ್ ಬಂದ ಹೋಟೆಲನ್ನು ಫೇಲು ಮಾಡುವವರನ್ನು ನಾನು ಅದೇ ಮೊದಲು ನೋಡಿದ್ದು.

ಮುಂದಿನದಕ್ಕೆ 4.4 ಇತ್ತು. ಆದರೆ ಬೋರ್ಡಿನ ಮೇಲೆ ‘ಫ್ಯಾಮಿಲಿ ರೆಸ್ಟೋರೆಂಟ್’ ಎಂದಿತ್ತು. ಫ್ಯಾಮಿಲಿ ಜೊತೆ ಬಂದವಳು ಫ್ಯಾಮಿಲಿ ರೆಸ್ಟೋರೆಂಟಿಗೆ ಬರುವುದಿಲ್ಲವಂತೆ. ಅದರ ಮುಂದಿನದರಲ್ಲಿ ಟ್ಯೂಬ್‌ಲೈಟ್ ಬೆಳಕು. ಫೋಟೋ ಚೆನ್ನಾಗಿ ಬರುವುದಿಲ್ಲ. ಇನ್ನೊಂದರಲ್ಲಿ ಫೋಟೋ ಚೆನ್ನಾಗಿ ಬರುತ್ತಿತ್ತು, ಆದರೆ ದೀಪ ಎಷ್ಟು ಮಂದವೆಂದರೆ ಹೆಂಡತಿ ಬಾಗಿಲಲ್ಲೇ, ‘ಇಲ್ಲಿ ಹುಳ ಬಿದ್ದಿದ್ರೂ ಗೊತ್ತಾಗಲ್ಲ’ ಎಂದು ತಡೆದಳು. ಅಮ್ಮ ಒಂದು ಅಂಗಡಿಯ ಕಟ್ಟೆ ಮೇಲೆ ಕೂತು, ‘ನೀವು ಗೊತ್ತು ಮಾಡಿ, ನಾನು ಇಲ್ಲೇ ಇರ್ತೀನಿ’ ಎಂದಳು. ಅಂತೂ ಒಂದು ಕಡೆ ಸಾಲಿನಲ್ಲಿ ನಿಂತು, ಹೆಸರು ಬರೆಸಿ, ಕಾದು, ಒಳಗೆ ಹೋಗಿ, ಹದಿನೆಂಟು ಪುಟದ ಮೆನು ಓದಿ, ನಮ್ಮ ಮಗಳು ತರಿಸಿದ್ದು ಏನು? ಗೋಬಿ ಮಂಚೂರಿ! ನಮ್ಮ ಬೀದಿಯ ಕೊನೆಯಲ್ಲಿ ಕೈಗಾಡಿಯವನು ದಿನಾ ಸಂಜೆ ಕರಿಯುವ ಗೋಬಿ ಮಂಚೂರಿ.

ನಾನು ಸಿಟ್ಟನ್ನು ಸಾಮಾನ್ಯ ಜ್ಞಾನವಾಗಿ ಪರಿವರ್ತಿಸಿದೆ. ಇದರ ದೊಡ್ಡಣ್ಣ ಚಿಕನ್ ಮಂಚೂರಿಯನ್ ಹುಟ್ಟಿದ್ದು ಇದೇ ಊರಿನಲ್ಲಿ, 1975ರಲ್ಲಿ, ಚರ್ಚ್‌ಗೇಟ್ ಬಳಿಯ ಕ್ರಿಕೆಟ್ ಕ್ಲಬ್ಬಿನಲ್ಲಿ, ನೆಲ್ಸನ್ ವಾಂಗ್ ಎಂಬ ಬಾಣಸಿಗರ ಕೈಯಲ್ಲಿ ಎಂದು ಹೇಳುತ್ತಾರೆ ಎಂದೆ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಕರ್ನಾಟಕದ ಗೋಬಿ ಹೇಗೆ ಬಿಳಿಚಿಕೊಂಡಿತು ಎಂಬುದನ್ನೂ ವಿವರಿಸಿದೆ. ಅವಳು ಅತ್ತಿತ್ತ ನೋಡಿ, ‘ಅಪ್ಪಾ, ಮೆಲ್ಲಗೆ’ ಎಂದಳು.

ಇದು ಈ ಕುಲದ ಮುಖ್ಯ ಕಾಯಿಲೆ: ಹೆತ್ತವರಿಂದಾಗುವ ನಾಚಿಕೆ. ತುಂಬಿದ ಲಾಬಿಯಲ್ಲಿ ‘ಪುಟ್ಟೀ’ ಎಂದು ಕೂಗಿದರೆ ನಾಚಿಕೆ. ರೂಮಿನ ಕೆಟಲ್‌ನಲ್ಲಿ ಹಾಲು ಕಾಯಿಸಿದರೆ ನಾಚಿಕೆ. ಉಳಿದ ರೊಟ್ಟಿ ಕಟ್ಟಿಸಿಕೊಂಡರೆ ನಾಚಿಕೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದನ್ನು ಕಂಡು, 2022ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಮತ್ತು ಅದನ್ನು ಎತ್ತಿಹಿಡಿದ ದೆಹಲಿ ಹೈಕೋರ್ಟಿನ 2025ರ ತೀರ್ಪನ್ನು ನಾನು ಮ್ಯಾನೇಜರಿಗೆ ಮನವರಿಕೆ ಮಾಡಿಕೊಡುತ್ತಿದ್ದಾಗ ಅವಳು ಎದ್ದು ಹೊರಗೆ ಹೋಗಿ ಬೀದಿನಾಯಿಯ ಫೋಟೋ ತೆಗೆಯುತ್ತ ನಿಂತಳು. ದುಡ್ಡು ಉಳಿಯಿತು. ಅದೇ ದುಡ್ಡಿನಲ್ಲಿ ಅವಳಿಗೆ ಐಸ್‌ಕ್ರೀಂ ಕೊಡಿಸಿದೆ. ಅದಕ್ಕೆ ನಾಚಿಕೆಯಾಗಲಿಲ್ಲ.

ಮಾಟುಂಗಾದ ಕಥೆಯನ್ನೂ ಹೇಳಿಬಿಡುತ್ತೇನೆ. ಮೊದಲು ನಾನು ಕರೆದಾಗ, ‘ಮುಂಬೈಗೆ ಬಂದು ಇಡ್ಲಿನಾ?’ ಎಂದು ನಕ್ಕವಳು ಅವಳೇ. 1904ರ ಇರಾನಿ ಕೆಫೆ ಕಯಾನಿಯಲ್ಲಿ ಬನ್ ಮಸ್ಕಾ ತಿಂದು, ‘ಎಷ್ಟು ಹಳೇ ಕುರ್ಚಿ, ಎಷ್ಟು ಚೆನ್ನಾಗಿದೆ’ ಎಂದವಳೂ ಅವಳೇ. ನಮ್ಮ ಮನೆಯ ಹಳೇ ಕುರ್ಚಿಗಳನ್ನು ಗುಜರಿಗೆ ಹಾಕು ಎನ್ನುವುದೂ ಅವಳೇ. ಮಾರನೆಯ ದಿನ ಯಾವುದೋ ರೀಲ್ಸಿನಲ್ಲಿ ಕೆಫೆ ಮದ್ರಾಸ್ ಕಂಡಿತು. 1940ರಿಂದ ನಡೆಯುತ್ತಿರುವ ಉಡುಪಿ ಹೋಟೆಲ್, ಅಂಕವೂ ಪಾಸಾಗುವಷ್ಟಿತ್ತು. ಈಗ ಅವಳು ಮುಂದೆ, ನಾವು ಹಿಂದೆ. ಸಾವಿರ ಕಿಲೋಮೀಟರಿಗೂ ದೂರ ಬಂದು, ಸಾಲಿನಲ್ಲಿ ನಿಂತು, ಇಡ್ಲಿಯನ್ನು ರಸಂನಲ್ಲಿ ಅದ್ದಿ ತಿಂದು, ತನ್ನ ಅಮ್ಮನ ಕಡೆ ತಿರುಗಿ, ‘ಮನೇಲಿ ಯಾಕೆ ಹೀಗೆ ಮಾಡಲ್ಲ?’ ಎಂದು ಕೇಳಿದಳು. ಆಮೇಲಿನ ಅರ್ಧ ಗಂಟೆಯನ್ನು ಇಲ್ಲಿ ದಾಖಲಿಸುವುದಿಲ್ಲ.

ರೂಮು ಖಾಲಿ ಮಾಡುವ ದಿನ ಕುಂದಾಪುರದ ಮಹನೀಯರು ಬಿಲ್ ಕೊಟ್ಟರು. ಅಮ್ಮನ ರೂಮಿನ ಲೆಕ್ಕದಲ್ಲಿ ಪ್ರತಿ ರಾತ್ರಿಯೂ ಒಂದೇ ಸಾಲು: ಮಲಾಯ್ ಕುಲ್ಫಿ, ಎರಡು. ಒಂದು ರಾತ್ರಿ ಚೀಸ್ ಟೋಸ್ಟ್ ಕೂಡ. ನಾನು ಮಗಳ ಕಡೆ ನೋಡಿದೆ. ಅವಳು ಅಜ್ಜಿಯ ಕಡೆ ನೋಡಿದಳು. ಅಮ್ಮ ಚೂರೂ ಅಳುಕದೆ, ‘ಸಕ್ಕರೆ ಮಾತ್ರೆ ತಗೊಂಡೇ ತಿಂದೆ ಕಣೋ’ ಎಂದಳು. ಮತ್ತೆ ತಾನಾಗಿಯೇ ಹೇಳಿದಳು: ‘ರಾತ್ರಿ ಏನು ಬೇಕು ಅಜ್ಜಿ ಅಂತ ಕೇಳಿದ್ಲು. ಮೊಸರನ್ನ ಅಂದೆ. ಅದಲ್ಲ, ನಿಜವಾಗ್ಲೂ ಏನು ಬೇಕು ಹೇಳು ಅಂದ್ಲು. ಕಾರ್ಡು ಹಿಡ್ಕೊಂಡು ಮೊದಲಿಂದ ಕೊನೇವರೆಗೂ ಓದಿ ಹೇಳಿದ್ಲು. ಚೀಸ್ ಅಂದ್ರೇನು ಅಂತಾನೂ ಹೇಳಿದ್ಲು.’

ನಮ್ಮ ಮನೆಗಳಲ್ಲಿ ಪ್ರವಾಸ ಎಂದರೆ ಒಬ್ಬರು ಆರಿಸುವುದು, ಉಳಿದವರು ಅಡ್ಜಸ್ಟ್ ಮಾಡಿಕೊಳ್ಳುವುದು. ಹಾಗೆ ಅಡ್ಜಸ್ಟ್ ಮಾಡಿಕೊಳ್ಳುತ್ತ ಮಾಡಿಕೊಳ್ಳುತ್ತ ಕೆಲವರಿಗೆ ತಮಗೇನು ಇಷ್ಟವೆಂಬುದೇ ಮರೆತುಹೋಗುತ್ತದೆ. ಕೇಳಿದರೆ ಮೊಸರನ್ನ ಎನ್ನುತ್ತಾರೆ, ನಾವು ಅದನ್ನೇ ಸಾತ್ವಿಕತೆ ಎಂದು ಹೊಗಳುತ್ತೇವೆ. ಈ ಹದಿಹರೆಯದವರು ಆ ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಇಷ್ಟ ಇದ್ದೇ ಇರುತ್ತದೆ, ಅದು ಸಿಗುವವರೆಗೂ ಪುಟ ತಿರುಗಿಸಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆ ರಾತ್ರಿ ಎಂಟು ಗಂಟೆಗೆ ಫುಟ್‌ಪಾತಿನ ಮೇಲೆ ನಮ್ಮ ಪ್ರಾಣ ತಿನ್ನುತ್ತದೆ. ಹತ್ತು ಗಂಟೆಗೆ ಪಕ್ಕದ ರೂಮಿನಲ್ಲಿ ಅದೇ ನಂಬಿಕೆ ಎಪ್ಪತ್ತು ದಾಟಿದವಳ ಕೈಗೆ ಮೆನು ಕೊಡುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಕೊಡಿ ಎಂದು ಕೇಳುವ ಸೌಲಭ್ಯ ಹೆತ್ತವರಿಗಿಲ್ಲ.

ಉಪದೇಶ ಉದ್ದವಾಯಿತು. ಇಂಥವರನ್ನು ಕಟ್ಟಿಕೊಂಡು ಊರು ಸುತ್ತುವವರಿಗೆ ನನ್ನ ಸಲಹೆ ಇಷ್ಟೇ: ಹೋಟೆಲ್ ಆರಿಸುವ ಕೆಲಸ ಅವರಿಗೇ ಬಿಡಿ, ಫೋನ್ ನೀವು ಮಾಡಿ, ಸಂಜೆ ಆರಕ್ಕೇ ಹೊಟ್ಟೆಗೆ ಏನಾದರೂ ಹಾಕಿಕೊಂಡು ಊಟದ ಹುಡುಕಾಟಕ್ಕೆ ಹೊರಡಿ. ಮನೆಯ ಹಿರಿಯರನ್ನು ಅವರ ರೂಮಿಗೆ ಹಾಕುವ ಮುನ್ನ ಮಾತ್ರ ಎರಡು ಸಲ ಯೋಚಿಸಿ.

ಬೇಸಿಗೆ ರಜೆಗೆ ಕೋಲ್ಕತ್ತಾ ಎಂದು ಮಾತು ಶುರುವಾಗಿದೆ. ಹೌರಾ ಸ್ಟೇಷನ್ನಿಗೆ ಹತ್ತಿರದಲ್ಲೇ ಒಂದು ಒಳ್ಳೆಯ ಲಾಡ್ಜ್ ಇದೆಯಂತೆ ಎಂದೆ. ಮಗಳು ತಲೆ ಎತ್ತಲಿಲ್ಲ. ಬತ್ತಿ ಹೊಸೆಯುತ್ತಿದ್ದ ಅಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದಳು: ‘ರೇಟಿಂಗ್ ಎಷ್ಟಿದೆಯೋ?’