ಮೊಮ್ಮಗನ ಹೆಸರಿನಲ್ಲಿ ಪೆಪ್ಪರಮಿಂಟು

ಮಿಠಾಯಿ ತಿನ್ನಲು ಮಕ್ಕಳಿಗೆ ಹಲ್ಲಿದ್ದರೆ ಸಾಕು; ದೊಡ್ಡವರಿಗೆ ನೆಪವೂ ಬೇಕು. ಮೈಸೂರಿನ ಅಗ್ರಹಾರದ ಹಳೇ ಬೀದಿಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಶೆಟ್ಟರಿಗೆ ಈ ಸತ್ಯ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

ಅಂಗಡಿಯೆಂದರೆ ಮಹಾ ಏನಿಲ್ಲ. ಮೂರು ಮೆಟ್ಟಿಲು, ಹಲಗೆ ಬಾಗಿಲು, ಎದುರಿಗೆ ಗಾಜಿನ ಭರಣಿಗಳ ಸಾಲು. ಒಂದರಲ್ಲಿ ಕಿತ್ತಳೆ ತೊಳೆಯ ಆಕಾರದ ಪೆಪ್ಪರಮಿಂಟು, ಒಂದರಲ್ಲಿ ಬೆಲ್ಲ-ಕಾಯಿಯ ಕಮ್ಮರಕಟ್ಟು, ಒಂದರಲ್ಲಿ ಕಡ್ಲೆ ಮಿಠಾಯಿ, ಮೂಲೆಯಲ್ಲಿ ಕಡ್ಡಿಗೆ ಚುಚ್ಚಿದ ಹುಣಸೆಹಣ್ಣಿನ ಚಿಗಳಿ. ಸಕ್ಕರೆ ಪಾಕವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೀರಿನಂಶವನ್ನು ಹೊರಗಟ್ಟಿದರೇ ಪೆಪ್ಪರಮಿಂಟು ಗಟ್ಟಿಯಾಗುವುದು. ಆದರೆ ಬಿಟ್ಟ ನೀರಿನ ಮೇಲಿನ ಆಸೆ ಅದಕ್ಕೆ ಹೋಗುವುದಿಲ್ಲ. ಆಷಾಢದ ತೇವದ ಗಾಳಿ ಮುಚ್ಚಳದ ಸಂದಿಯಲ್ಲಿ ನುಸುಳಿತೋ, ಭರಣಿಯೊಳಗೆ ಅಪೂರ್ವ ಒಗ್ಗಟ್ಟು ಮೂಡಿ ಎಲ್ಲವೂ ಒಂದೇ ಮುದ್ದೆ. ಆಗ ಶೆಟ್ಟರು ಚಮಚದ ಹಿಡಿಯಿಂದ ಕುಟ್ಟಿ ಬಿಡಿಸುತ್ತಾರೆ. ಎರಡು ಕೇಳಿದವರಿಗೆ ಮೂರು ಅಂಟಿಕೊಂಡು ಬಂದರೆ ಒಂದನ್ನು ಕಿತ್ತುಕೊಳ್ಳುವಷ್ಟು ಕಟುಕರಲ್ಲ. ಮೂರರ ದುಡ್ಡು ಬಿಡುವಷ್ಟು ಧಾರಾಳಿಗಳೂ ಅಲ್ಲ.

ಮೊದಲೆಲ್ಲ ನೆಪಕ್ಕೆ ಬರವಿರಲಿಲ್ಲ. 2011ರ ಜೂನ್ ಕೊನೆಗೆ 25 ಪೈಸೆ ಚಲಾವಣೆಯಿಂದ ಹೋಯಿತು. ಅದಕ್ಕೆ ಮುಂಚೆಯೇ ಶೆಟ್ಟರು ಅದರ ಜಾಗಕ್ಕೆ ಪೆಪ್ಪರಮಿಂಟನ್ನು ನೇಮಿಸಿಯಾಗಿತ್ತು. "ನಾನೆಲ್ಲಿ ಕೊಂಡೆ? ಚಿಲ್ಲರೆ ಬದಲು ಕೊಟ್ಟರು" ಎಂದು ಹೆಂಡತಿಯ ಎದುರೇ ಚಪ್ಪರಿಸಬಹುದಿತ್ತು. ತಕರಾರು ಒಂದೇ: ಅವರು ಕೊಟ್ಟ ಪೆಪ್ಪರಮಿಂಟನ್ನು ಮಾರನೇ ದಿನ ಅವರಿಗೇ ಚಿಲ್ಲರೆಯೆಂದು ಕೊಟ್ಟರೆ ಮುಟ್ಟುತ್ತಿರಲಿಲ್ಲ. ತಾನು ಹೊರಡಿಸಿದ ನಾಣ್ಯವನ್ನು ತಾನೇ ಒಪ್ಪದ ಟಂಕಸಾಲೆ ಇದೊಂದೇ ಇರಬೇಕು.

2016ರಲ್ಲಿ ಯುಪಿಐ ಬಂತು. ಈಗ ಭರಣಿಗೊರಗಿಸಿದ ಕ್ಯೂಆರ್ ಕೋಡು ಪೈಸೆ ಪೈಸೆ ಲೆಕ್ಕ ಚುಕ್ತಾ ಮಾಡುತ್ತದೆ. ಚಿಲ್ಲರೆ ಸಮಸ್ಯೆ ತೀರಿತು, ನಮ್ಮ ಸಮಸ್ಯೆ ಶುರುವಾಯಿತು. ಪೆಪ್ಪರಮಿಂಟನ್ನು ಬಾಯಿಬಿಟ್ಟು ಕೇಳಬೇಕು. ಹಾಗಾಗಿ ಬೀದಿಯ ಹಿರಿಯರೆಲ್ಲ ಈಗ ಮೊಮ್ಮಕ್ಕಳನ್ನು ಮುಂದಿಡುತ್ತಾರೆ.

"ಶೆಟ್ರೇ, ಮೊಮ್ಮಗನಿಗೆ ನಾಲ್ಕು ಶುಂಠಿ ಪೆಪ್ಪರಮಿಂಟು ಕೊಡಿ."

"ಅಮೆರಿಕದಿಂದ ಬಂದ್ನಾ ಮೇಷ್ಟ್ರೇ?"

"ಬರೋ ವರ್ಷ ಬರ್ತಾನೆ."

ಶೆಟ್ಟರು ತುಟಿ ಪಿಟಕ್ಕೆನ್ನದೆ ಕಾಗದದ ಪೊಟ್ಟಣ ಕಟ್ಟುತ್ತಾರೆ. ಮೇಷ್ಟರು ಅದನ್ನು ತಿರುವಿನಲ್ಲೇ ಬಿಚ್ಚುತ್ತಾರೆ. ಸಕ್ಕರೆ ಕಾಯಿಲೆಯವರು ಮಾತ್ರ ಇನ್ನೂ ಕಷ್ಟದಲ್ಲಿದ್ದಾರೆ. ಅವರ ಮೊಮ್ಮಕ್ಕಳ ಸಂಖ್ಯೆಯೂ ಶೆಟ್ಟರಿಗೆ ಗೊತ್ತು, ಶುಗರ್ ರಿಪೋರ್ಟೂ ಗೊತ್ತು.

ನೀವು ಆ ಕಡೆ ಹೋದರೆ ಮೊಬೈಲು ಜೇಬಿನಲ್ಲೇ ಇರಲಿ. ಒಂಬತ್ತು ರೂಪಾಯಿಯ ಸಾಮಾನು ಕೊಂಡು ಹತ್ತರ ನೋಟು ಕೊಡಿ, ಸುಮ್ಮನೆ ನಿಂತಿರಿ. ಉಳಿದದ್ದನ್ನು ಶೆಟ್ಟರು ನೋಡಿಕೊಳ್ಳುತ್ತಾರೆ.