ಪುಸ್ತಕದ ಋಣ

ತಾಯಿಯ ಋಣ, ಗುರುವಿನ ಋಣ ಎಂದರೆ ಜನ ಕೈಮುಗಿಯುತ್ತಾರೆ. ಪುಸ್ತಕದ ಋಣ ಎಂದರೆ, ಲೈಬ್ರರಿಗೆ ದಂಡ ಬಾಕಿಯಿದೆಯೇನೋ ಎಂಬಂತೆ ನೋಡುತ್ತಾರೆ! ಚೆನ್ನೈನಲ್ಲಿ ಸಂಸಾರ ಹೂಡಿರುವ ನನಗಂತೂ ಈ ಋಣ ಕುತ್ತಿಗೆಮಟ್ಟ ಬಂದಿದೆ. ಹಗಲೆಲ್ಲ ಹರುಕುಮುರುಕು ತಮಿಳಾಡಿ ದಣಿದ ನಾಲಿಗೆಗೆ ರಾತ್ರಿ ಬೀಚಿ, ರಾಜರತ್ನಂ ಬೇಡವೇ?

ತಿರುವಲ್ಲಿಕ್ಕೇಣಿಯ ಪೈಕ್ರಾಫ್ಟ್ಸ್ ರಸ್ತೆಯಲ್ಲಿ ಹಳೇ ಎಂಜಿನಿಯರಿಂಗ್ ಗೈಡುಗಳ ಕೆಳಗಿಂದ ಗೊರೂರರ ಪುಸ್ತಕವೊಂದು ಇಣುಕಿತು. ರಟ್ಟು ಹೋಗಿತ್ತು, ಗೆದ್ದಲು ಮುನ್ನುಡಿಯನ್ನಷ್ಟೇ ಓದಿತ್ತು. ಅಂಗಡಿಯವ ತಿರುಗಿಸಿ ನೋಡಿ, “ತೆಲುಗು ಬುಕ್ಕು ಸಾರ್, ಇಪ್ಪತ್ತು ರೂಪಾಯಿ” ಎಂದ. ಭಾಷಾಭಿಮಾನವನ್ನು ಜೇಬಿನಲ್ಲಿಟ್ಟುಕೊಂಡು ದುಡ್ಡು ಹೊರತೆಗೆದೆ.

ಎಗ್ಮೋರಿನ ಕನ್ನೆಮಾರಾ ಗ್ರಂಥಾಲಯ 1896ರದು. 1954ರ ಕಾಯಿದೆಯಂತೆ, ದೇಶದಲ್ಲಿ ಪ್ರಕಟವಾಗುವ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಇಲ್ಲಿಗೆ ಕಳಿಸಬೇಕು. ಅಂದರೆ ಕವಿಯ ಮನೆಯವರೂ ಓದದ ಧಾರವಾಡದ ಕವನ ಸಂಕಲನಕ್ಕೂ ಮದರಾಸಿನಲ್ಲಿ ಸರ್ಕಾರಿ ವಸತಿ! ನನಗೋ, ಹನ್ನೊಂದು ತಿಂಗಳ ಬಾಡಿಗೆ ಕರಾರು.

ಗಣಿತದ ಮೇಷ್ಟರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು ಐದನೆಯದು. ಮಂಚದಡಿಗೂ ಪುಸ್ತಕ ನುಗ್ಗಿದ ದಿನ ಅದನ್ನೇ ಹೆಂಡತಿಗೆ ವಿವರಿಸಿದೆ.

“ಅದೆಲ್ಲ ಸರಿ ಕಣ್ರೀ, ಧೂಳು ಹೊಡೆಯೋರು ಯಾರು ಅಂತ ಆರನೇ ಸೂತ್ರ ಇದೆಯಾ?” ಎಂದಳು.