ಕಂಪ್ಯೂಟರಿಗೊಂದು ಮಡಿ

ಮಲೆನಾಡಿನಲ್ಲಿ ಗುಟ್ಟಿಗೆ ಆಯಸ್ಸು ಕಡಿಮೆ. ಭಂಡಿಗಡಿಯಲ್ಲಿ ಬಸ್ಸಿಳಿದ ನೆಂಟರು ಉಣುಗೋಲು ದಾಟುವುದರೊಳಗೆ ಅವರು ಯಾರ ಮನೆಯವರು, ಕೈಚೀಲ ಎಷ್ಟು ದಪ್ಪ ಎಂಬುದೆಲ್ಲ ಆಚೆ ತೋಟಕ್ಕೆ ತಲುಪಿರುತ್ತದೆ. ಇಂಥ ಕಡೆ ಒಬ್ಬರು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು ಕೂರಿಸಿ, ಫೈಲು ಇಳಿಸುವ ಕೆಲಸವನ್ನಷ್ಟೇ ಅದಕ್ಕೆ ಗುತ್ತಿಗೆ ಕೊಟ್ಟು, ಇಳಿಸಿದವರು ಯಾರೆಂದು ಹೊರಗಿನವರಿಗೆ ತಿಳಿಯದ ಹಾಗೆ ಮಾಡುತ್ತೇನೆಂದು ಹೊರಟರೆ ನಗು ಬರುವುದು ಸಹಜ. ಆದರೆ ಈ ವರ್ಚುವಲ್ ಮಷೀನಿನ ಏರ್ಪಾಡು ಗುಟ್ಟಿಗಿಂತ ಮಡಿಗೆ ಹತ್ತಿರದ್ದು; ಮಡಿಯ ವಿಷಯದಲ್ಲಿ ಕೊಪ್ಪ-ಶೃಂಗೇರಿ ಸೀಮೆಯವರಿಗೆ ಕ್ಯಾಲಿಫೋರ್ನಿಯಾದವರು ಹೇಳಿಕೊಡಬೇಕಾದ್ದೇನೂ ಇಲ್ಲ ಎಂಬುದು ನನ್ನ ವಾದ. ಮನುಷ್ಯರ ನಡುವೆ ಮಡಿ ಮಾಡಿದ್ದು ಅನ್ಯಾಯ. ಅಷ್ಟು ತಲೆಮಾರುಗಳ ಅಭ್ಯಾಸಕ್ಕೆ ತಕ್ಕ ಜಾಗ ಈಗ ಸಿಕ್ಕಿದೆ, ಯಂತ್ರ ಯಂತ್ರಗಳ ನಡುವೆ.

ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟನ್ನೇ ನೋಡಿ. ಅದು ಅಪ್ಪಟ ಮುಯ್ಯಾಳು ಪದ್ಧತಿ. ಫೈಲಿನ ಒಂದು ತುಂಡು ನೀವು ಇಳಿಸಿಕೊಂಡಿರೋ, ಆ ತುಂಡನ್ನು ಕೇಳಿದವರಿಗೆ ಕೊಡುತ್ತಾ ಇನ್ನೊಂದನ್ನು ಪಡೆಯುತ್ತೀರಿ. ಮುಯ್ಯಾಳಿಗೆ ಮುಸುಕು ಹಾಕಿಕೊಂಡು ಹೋಗಲಾಗದು. ಗದ್ದೆಗಿಳಿದವರಿಗೆಲ್ಲ ಪಕ್ಕದವರ ಮುಖ ಕಾಣುವಂತೆ, ಅದೇ ಫೈಲು ಇಳಿಸುತ್ತಿರುವ ಅಪರಿಚಿತರಿಗೆ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಆದ್ದರಿಂದ ವರ್ಚುವಲ್‌ಬಾಕ್ಸಿನಲ್ಲಿ ಪುಟ್ಟದೊಂದು ಲಿನಕ್ಸ್ ಕೂರಿಸಿ, ಹೊರಗಿನ ಕೊಡುಕೊಳ್ಳುವಿಕೆ ಎಲ್ಲವನ್ನೂ ವಿಪಿಎನ್ ಮೂಲಕ, ಅಂದರೆ ಮನೆಯ ವಿಳಾಸ ಮರೆಸಿ ತನ್ನದನ್ನು ತೋರಿಸುವ ಮಧ್ಯವರ್ತಿ ಕಂಪನಿಯ ಮೂಲಕ, ಅದೇ ಮಾಡಲಿ ಎಂದು ಬಿಡುತ್ತಾರೆ. ಸಿಕ್ಕಿದವರನ್ನೆಲ್ಲ ಮುಟ್ಟಿ ಮೈಲಿಗೆಯಾಗುವುದು ಅದರ ಪಾಲು. ಮನೆಯ ಲೆಕ್ಕ, ಆಧಾರ್ ಪ್ರತಿ, ಮೊಮ್ಮಗಳ ಫೋಟೊ ಇರುವ ಕಂಪ್ಯೂಟರು ಒಳಗೆ ಮಡಿಯಲ್ಲಿರುತ್ತದೆ. ಇಳಿದ ಫೈಲನ್ನು ಅದು ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟು ಸರಿಯುತ್ತದೆ, ಇದು ಆಮೇಲೆ ಎತ್ತಿಕೊಳ್ಳುತ್ತದೆ. ಕೈಯಿಂದ ಕೈಗೆ ಕೊಡುವ ಪದ್ಧತಿ ಇಲ್ಲ.

ಇದರಲ್ಲಿ ನಿಜವಾದ ಪರೀಕ್ಷೆ ಆಷಾಢದ ಮಳೆ. ಕರೆಂಟು ಹೋಗಿ ಬಂದು, ಲೈನು ಕಡಿದು ಕೂಡಿ, ವಿಪಿಎನ್ ನಡುವೆ ಎಲ್ಲೋ ಕುಸಿದಿರುತ್ತದೆ. ಟೊರೆಂಟಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು? ಅದು ಯಾರನ್ನೂ ಕೇಳದೆ ಹೆಬ್ಬಾಗಿಲಿನಿಂದಲೇ, ಮನೆಯ ಹೆಸರು ಹೇಳಿಕೊಂಡೇ ಹೊರಬೀಳುತ್ತದೆ. ಹಾಗಾಗಿ ವಿಪಿಎನ್ ದಾರಿ ಬಿಟ್ಟು ಒಂದು ಬೈಟೂ ಹೊರಡಕೂಡದು ಎಂದು ಫೈರ್‌ವಾಲಿಗೆ ಕಟ್ಟಪ್ಪಣೆ ಮಾಡಬೇಕು. ಇದನ್ನೆಲ್ಲ ಪ್ರತಿಸಲ ಕೈಯಾರೆ ಮಾಡಹೋದರೆ ಒಂದು ಸಾಲು ಮರೆತೇ ಮರೆಯುತ್ತೇವೆ. 2010ರಲ್ಲಿ ಬಂದ ವೇಗ್ರಂಟ್ ಇಲ್ಲಿ ಕೈಹಿಡಿಯುತ್ತದೆ. ಅಡುಗೆ ಭಟ್ಟರು ಮದುವೆಮನೆಗೆ ಬರೆದುಕೊಡುವ ಸಾಮಾನು ಚೀಟಿಯಂತೆ ಇಷ್ಟು ಮೆಮೊರಿ, ಈ ತಂತ್ರಾಂಶ, ಈ ಅಪ್ಪಣೆ ಎಂದು ಒಂದೇ ಫೈಲಿನಲ್ಲಿ ಬರೆದಿಟ್ಟರಾಯಿತು. ‘ವೇಗ್ರಂಟ್ ಅಪ್’ ಎಂದರೆ ಯಂತ್ರ ಏಳುತ್ತದೆ, ‘ವೇಗ್ರಂಟ್ ಡಿಸ್ಟ್ರಾಯ್’ ಎಂದರೆ ಮಣ್ಣಾಗುತ್ತದೆ. ಸಂಶಯ ಬಂದಾಗ ಕೆಡವಿ ಹೊಸದಾಗಿ ಎಬ್ಬಿಸುವುದೇ ಅದರ ಸ್ನಾನ. ಏಪ್ರಿಲ್ ಸಿಡಿಲಿಗೆ ಕಂಪ್ಯೂಟರೇ ಸುಟ್ಟರೂ ಚೀಟಿಯ ಪ್ರತಿಯೊಂದು ಬೇರೆ ಕಡೆ ಇದ್ದರೆ ಸಾಕು.

ಕಳ್ಳತನಕ್ಕೆ ಇಷ್ಟು ಶಾಸ್ತ್ರವೇ ಎನ್ನುವವರಿದ್ದಾರೆ. ಕದ್ದ ಸಿನಿಮಾಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ, ಮಡಿ ಉಟ್ಟು ಕದ್ದರೂ ಕಳವು ಕಳವೇ. ಆದರೆ ಡೆಬಿಯನ್ ಲಿನಕ್ಸನ್ನು ಹಂಚುವವರೇ ಟೊರೆಂಟ್ ಕೊಡುತ್ತಾರೆ. ಇಂಟರ್‌ನೆಟ್ ಆರ್ಕೈವ್ 2012ರಿಂದ ಹಾಗೆಯೇ ಹಂಚುತ್ತಿದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದು ಕೃತಿಸ್ವಾಮ್ಯ ಮುಗಿದ ಕನ್ನಡ ಪುಸ್ತಕಗಳು ಅಲ್ಲಿವೆ. ಲೈನು ಕಡಿದಾಗ ನಿಂತಲ್ಲಿಂದಲೇ ಮುಂದುವರಿಯುವ ಗುಣದಿಂದಾಗಿ ಟೊರೆಂಟು ನಮ್ಮ ಮಳೆಗೆಂದೇ ಹುಟ್ಟಿದಂತಿದೆ. ಸರಿ, ಹಳೇ ಪುಸ್ತಕ ಇಳಿಸುವುದಕ್ಕೆ ಮರೆ ಯಾಕೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ಬಚ್ಚಲಿಗೆ ಬಾಗಿಲಿರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲವಲ್ಲ.

ಹೆಚ್ಚು ಗಟ್ಟಿಯಾದ ಆಕ್ಷೇಪ ವಿಪಿಎನ್ ಕುರಿತದ್ದು. ಅಂಚೆಯಣ್ಣನಿಗೆ ಗೊತ್ತಿದ್ದದ್ದು ಕೊರಿಯರಿನವನಿಗೆ ಗೊತ್ತಾದರೆ ಉಳಿದದ್ದೇನು? ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದಿತು. ಕೆಲವು ಕಂಪನಿಗಳು ಇಲ್ಲಿನ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಆಕ್ಷೇಪ ಒಪ್ಪತಕ್ಕದ್ದೇ. ಅದಕ್ಕೇ ಗುಟ್ಟಿನ ಮಾತು ಬಿಟ್ಟು ಮಡಿಯ ಮಾತಾಡಿದ್ದು. ಮಡಿಗೂ ಬಿಲವಿಲ್ಲದೆ ಇಲ್ಲ. 2015ರಲ್ಲಿ ಬಯಲಾದ ‘ವೆನಮ್’ ಎಂಬ ದೋಷ ಹೊಟ್ಟೆಯೊಳಗಿನ ಯಂತ್ರದಿಂದ ಅದನ್ನು ಹೊತ್ತ ಯಂತ್ರಕ್ಕೆ ನುಸುಳಲು ದಾರಿ ಕೊಟ್ಟದ್ದು, ಆ ಕಾಲಕ್ಕೆ ಯಾರೂ ಬಳಸದಿದ್ದ ಫ್ಲಾಪಿ ಡ್ರೈವಿನ ಕಿಂಡಿಯಿಂದ. ಬಚ್ಚಲ ತೂಬಿಗೆ ಬಟ್ಟೆ ತುರುಕಿಡುವ ಮನೆಗಳಲ್ಲಿ ಇದಕ್ಕೆ ವಿವರಣೆ ಬೇಕಾಗದು. ಹಾವು ಹೆಬ್ಬಾಗಿಲಿನಿಂದ ಬಂದದ್ದುಂಟೆ? ಇನ್ನು ರಾತ್ರಿಯಿಡೀ ಜಗುಲಿಯಲ್ಲಿ ಮಿಣುಕುವ ರೂಟರ್ ದೀಪ ನೋಡಿ, ಬೆಳಿಗ್ಗೆ ಹಾಲಿಗೆ ಬಂದವರು ‘ಏನು ಇಳಿಸ್ತಾ ಇದ್ರಿ?’ ಎಂದು ಕೇಳಿದರೆ, ಅದನ್ನು ತಡೆಯುವ ಫೈರ್‌ವಾಲನ್ನು ಇನ್ನೂ ಯಾರೂ ಬರೆದಿಲ್ಲ.